ಹಸು ತರುವ ಮಾತು

ತಾರೀಖು ಹದಿನಾಲ್ಕು, ಶನಿವಾರ.

ಇವತ್ತು ಉಪವಾಸ. ಬೆಳಗ್ಗೆ ಎದ್ದು ದೀಪ ಹಚ್ಚಿ, ಕೋಳಿಗೂಡು ಗುಡಿಸಿ, ಹಿತ್ತಿಲಿನ ಗಿಡಗಳಿಗೆ ನೀರು ಹಾಕಿ, ಮೊನ್ನೆ ಅಚ್ಚಿಗೆ ಹೊಯ್ದಿದ್ದ ಸೋಪು ಕತ್ತರಿಸಿಟ್ಟೆ. ಅದರ ಕ್ಷಾರಕ್ಕೆ ಬೆರಳುಗಳು ಇನ್ನೂ ಉರಿಯುತ್ತಿವೆ. ಮನೆಗೆ ಬೇಕಾದ್ದೆಲ್ಲ ಮನೆಯಲ್ಲೇ ಆಗಬೇಕೆಂದು ಯಜಮಾನರು ನಿವೃತ್ತರಾದಾಗಿನಿಂದ ಹಟ ಹಿಡಿದಿದ್ದಾರೆ.

ಈಗ ಹಸು ಬೇಕಂತೆ.

"ಹಸು ಬಂದ್ರೆ ಹಾಲು, ಮೊಸರು ಕೊಳ್ಳೋ ಹಾಗೇ ಇಲ್ಲ ಕಣೇ," ಎಂದರು.

"ಹಸು ಬಂದ್ರೆ ನನಗೆ ಭಾನುವಾರದ ರಜಾನೂ ಸಿಗೋ ಹಾಗಿಲ್ಲ," ಎಂದೆ.

"ನಾನಿಲ್ವಾ?"

"ಇದೀರಲ್ಲ, ಹಾಲು ಕರೆಯೋದನ್ನ ಫೋನಲ್ಲಿ ನೋಡ್ಕೊಂಡು."

ಬಾಗಿಲ ಹಿಂದೆ ಸೊಸೆ ನಕ್ಕಳು. ಅವರೂ ನಕ್ಕು, "ನಾಳೆ ಬೆಳಗ್ಗೆ ಹೇಳು, ಹಸುವಿನವನಿಗೆ ಮಾತು ಕೊಡ್ಬೇಕು," ಎಂದು ಎದ್ದುಹೋದರು.

ನಾನು ಮೊದಲ ಸಲ ಹೆತ್ತಾಗ ಅಮ್ಮ ಬೆಳಗ್ಗೆ ಬಂದು, ಮಗುವನ್ನು ಒಂದು ಗಳಿಗೆ ಎತ್ತಿಕೊಂಡು, ತನ್ನ ಹಸುವಿನ ಹಾಲು ಕರೆಯುವ ಹೊತ್ತಿಗೆ ಮನೆ ಸೇರಬೇಕೆಂದು ಮಧ್ಯಾಹ್ನವೇ ಹೊರಟಳು. ಒಂದು ರಾತ್ರಿಯೂ ನನ್ನ ಹತ್ತಿರ ಮಲಗಲಿಲ್ಲ. ಆಗ ಅವಳ ಮೇಲೆ ಸಿಟ್ಟು ಬಂದಿತ್ತು. ಈಗ ಅಯ್ಯೋ ಅನ್ನಿಸುತ್ತದೆ, ಅಷ್ಟೆ.

ನನ್ನ ಮಗಳಿಗೆ ಮುಂದಿನ ತಿಂಗಳು ಹೆರಿಗೆ. ಒಂದು ತಿಂಗಳು ನಿನ್ನ ಮನೆಗೇ ಬಂದು ಜೊತೆಗಿರುತ್ತೇನೆಂದು ಅವಳಿಗೆ ಹೇಳಿದ್ದೇನೆ. ಅದನ್ನು ನೆನೆದೇ ಇಷ್ಟು ದಿನ ದುಡಿದಿದ್ದೇನೆ.

ಚೀಟಿಯಲ್ಲಿ "ಹಸು ಬೇಡ" ಎಂದು ಬರೆದಿಟ್ಟಿದ್ದೇನೆ. ನಾನೇ ಕೊಡಲು ಹೋದರೆ ಅವರ ಮುಖ ನೋಡಿ ಹೂಂ ಅಂದುಬಿಡುತ್ತೇನೆ, ಕೋಳಿ ತಂದಾಗಲೂ ಹಾಗೇ ಆಯಿತು. ಕಣ್ಣು ಎಳೆಯುತ್ತಿದೆ. ದೇವರೇ, ಬೆಳಗ್ಗೆ ಅವರು ಏಳುವ ಮೊದಲು ಸೊಸೆಯನ್ನು ಅಡುಗೆಮನೆಗೆ ಕಳಿಸು, ಈ ಚೀಟಿ ಅವಳೇ ತೆಗೆದುಕೊಂಡು ಹೋಗಿ ಅವರಿಗೆ ಕೊಡಲಿ