ಸುಣ್ಣದ ಗೆರೆಯಾಚೆ ಒಂದು ಕೋಣೆ

ಹೊಸಗುಡ್ಡ, ಏರುನಾಡು ಜಿಲ್ಲೆ
೨೧೮೭, ಫೆಬ್ರವರಿ ಮೂವತ್ತು

ಹಿಂದಿನವರೇ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಾನು ಓದಿದ್ದು ಏಳನೇ ತರಗತಿಯವರೆಗೆ. ದಿನಚರಿ ಬರೆದು ಮಾತ್ರ ರೂಢಿ.

ಸಮುದ್ರ ಏರಿದಾಗ ಕರಾವಳಿಯವರು ಹತ್ತಿ ಬಂದು ನಮ್ಮೊಂದಿಗೆ ನೆಲೆಸಿದ ಜಿಲ್ಲೆ ಇದು. ಇನ್ನೂ ಬರುತ್ತಲೇ ಇದ್ದಾರೆ. ಹನ್ನೊಂದರಿಂದ ನಾಲ್ಕರವರೆಗೆ ನಮಗೆ ಬಿಸಿಗಂಟೆ. ಆಗ ನಾಯಿಯೂ ಹೊರಗೆ ಕಾಲಿಡುವುದಿಲ್ಲ. ಆ ಹೊತ್ತು ಮಕ್ಕಳು ಶಾಲೆಯೊಳಗೇ ಇರಬೇಕು. ಅದಕ್ಕೆಂದೇ ಅಲ್ಲಿ ಮೊಳ ದಪ್ಪದ ಮಣ್ಣಿನ ಗೋಡೆ, ನೆಲದಡಿ ನೀರಿನ ಕೊಳವೆ. ಇಂಥ ಕೋಣೆಗಳನ್ನು ಕಟ್ಟಲು ಊರು ಶಾಲಾಪತ್ರ ಹೊರಡಿಸುತ್ತದೆ. ನೀವು ಬಾಂಡ್ ಎನ್ನುತ್ತಿದ್ದಿರಿ. ಜನ ಕೊಳ್ಳುತ್ತಾರೆ, ಊರು ಮೂವತ್ತು ವರ್ಷ ತೆರಿಗೆಯಿಂದ ತೀರಿಸುತ್ತದೆ. ತೀರುವವರೆಗೆ ಇನ್ನೊಂದು ಪತ್ರವಿಲ್ಲ, ಹೊಸ ಕೋಣೆಯೂ ಇಲ್ಲ.

ಶಾಲೆ ಎಷ್ಟು ದೊಡ್ಡದಿರಬೇಕೆಂದು ತೀರ್ಮಾನವಾಗುವ ದಿನವನ್ನು ನಾವು 'ನಿಲ್ಲುವ ದಿನ' ಎನ್ನುತ್ತೇವೆ. ಬಯಲಿನಲ್ಲಿ ಸುಣ್ಣದ ಪುಡಿಯಿಂದ ಕೋಣೆಗಳ ಗೆರೆ ಎಳೆದು, ಊರಿನ ಮಕ್ಕಳನ್ನೆಲ್ಲ ಅದರೊಳಗೆ ನಿಲ್ಲಿಸುತ್ತಾರೆ. ಮಕ್ಕಳು ತುಂಬಿದಷ್ಟೇ ಕೋಣೆ. ಕಳೆದ ಸಲ ನಾನು ಬಸುರಿ. ಗೆರೆಯೊಳಗೆ ಹೆಜ್ಜೆಯಿಟ್ಟಾಗ ಶಾಲಾ ಸಮಿತಿಯ ತಿಪ್ಪೇಶಣ್ಣ, "ಏನಮ್ಮೋ ಪಾಲಮ್ಮ, ಹೊಟ್ಟ್ಯಾಗಿರೋದಕ್ಕೂ ಬೆಂಚು ಹಾಕ್ಸಬೇಕೇನು? ಈಚೆ ಬಾರವ್ವ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕು ಈಚೆ ಬಂದೆ.

ಆಮೇಲೆ ಹುಟ್ಟಿದವಳು ಹೊನ್ನೂರಿ. ಅವಳಿಗೆ ಓದುವ ವಯಸ್ಸಾದಾಗ ಕೋಣೆಗಳು ತುಂಬಿದ್ದವು. ಹೆಚ್ಚಾದ ಮಕ್ಕಳನ್ನು ಹಳೆಯ ಪಂಪಿನ ಮನೆಯ ತಗಡಿನಡಿ ಕೂರಿಸಿದರು. ಒಂದು ಬಿಸಿಗಂಟೆಯಲ್ಲಿ ಅವಳು ಪುಸ್ತಕದ ಮೇಲೆ ತಲೆಯಿಟ್ಟಳು. ನಿದ್ದೆ ಹತ್ತಿದೆಯೆಂದು ಎಬ್ಬಿಸಲಿಲ್ಲವಂತೆ. ಇದನ್ನು ಇನ್ನು ಬರೆಯಲಾರೆ.

ಹಳೆಯ ಪತ್ರ ಈ ವರ್ಷ ತೀರಿತು. ನಾಳೆ ಮತ್ತೆ ನಿಲ್ಲುವ ದಿನ. ಗುಡ್ಡದ ಕೆಳಗೆ ಹೊಸಬರ ಡೇರೆಗಳಿವೆ. ಅಲ್ಲಿ ಬಸುರಿಯರು ಬಹಳ. ಬರಲಿರುವ ಮಕ್ಕಳಿಗೂ ಗೆರೆ ಎಳೆಯಿರಿ ಎಂದು ಕೇಳಲು ಹೋದೆ. ತಿಪ್ಪೇಶಣ್ಣ ಈಗ ಮುದುಕ. ಕಣ್ಣೊರೆಸಿಕೊಂಡು, "ಬ್ಯಾಸರ ಮಾಡ್ಕಬ್ಯಾಡ ತಾಯಿ, ಮೊದಲ್ನೇ ಕೋಣೆಗೆ ನಿನ್ ಮಗಳ ಹೆಸರೇ ಇಡ್ತೀವಿ. ಖಾಲಿ ಕೋಣೆ ಅಂದ್ರೆ ಜನ ಪತ್ರ ತಗಳಲ್ಲ" ಎಂದ.

"ಹೆಸರು ಬ್ಯಾಡಣ್ಣ, ಕೋಣೆ ಕೊಡು" ಎಂದೆ.

ಇಂದು ಸಂಜೆ ಒಂದು ಬುಟ್ಟಿ ಸುಣ್ಣ ಹೊತ್ತು ಹೋಗಿ, ಅವರ ಕೊನೆಯ ಗೆರೆಯಾಚೆ ನಾನೇ ಒಂದು ಕೋಣೆ ಎಳೆದು ಬಂದಿದ್ದೇನೆ. ಸೊಟ್ಟಗಿದೆ. ನಾಳೆ ಅದರೊಳಗೆ ಬಂದು ನಿಲ್ಲಿ, ಯಾರು ನಕ್ಕರೂ ಈಚೆ ಬರಬೇಡಿ ಎಂದು ಡೇರೆಯ ಹೆಂಗಸರಿಗೆ ಹೇಳಿದ್ದೇನೆ. ಎಷ್ಟು ಜನ ಬರುತ್ತಾರೋ ತಿಳಿಯದು.

ನಿಮ್ಮ ಊರುಗಳೂ ಬೆಳೆಯುತ್ತಿವೆಯಲ್ಲ. ಶಾಲೆಯ ನಕ್ಷೆ ಬರೆಯುವಾಗ, ಗೆರೆಯ ಹತ್ತಿರ ಹೊಟ್ಟೆ ಹಿಡಿದು ನಿಂತವಳನ್ನು ಈಚೆ ಕರೆಯಬೇಡಿ. ಇಷ್ಟೇ ನನ್ನ ಬೇಡಿಕೆ.

ಪಾಲಮ್ಮ