ಗೂಡುಗಳನ್ನು ಮಲಗಿಸುವ ಕೆಲಸ

ಮನೆಯಿಂದ,
ಮಾರ್ಚ್ ೧೨, ಬುಧವಾರ ಸಂಜೆ

ಪ್ರೀತಿಯ ಅಕ್ಕಾ,

ಇವತ್ತು ಬೆಳಿಗ್ಗೆ ನಿನ್ನ ಕೂಲಿಂಗ್ ಗ್ಲಾಸಿನ ಕಡ್ಡಿಯ ಮೇಲೆ ಒಣಗಿದ ಅಂಟಿನ ಹನಿಯೊಂದು ಕಣ್ಣಿಗೆ ಬಿತ್ತು. ಉಗುರಿನಿಂದ ಕೆರೆದು ನೋಡಿದೆ, ಬರಲಿಲ್ಲ. ನೀನು ಅಂಟಿಸಿದ್ದು ಯಾವುದು ತಾನೇ ಬಂದೀತು! ಆ ಕನ್ನಡಕದ ಕಥೆ ಹೇಳಲೆಂದೇ ಕುಳಿತಿದ್ದೇನೆ, ಆದರೆ ಮೊದಲು ನಿನ್ನ ವಿಷಯ. ಹೇಗಿದ್ದೀ? ಬೆನ್ನುನೋವು ಇಳಿಯಿತೇ? ಸ್ವಲ್ಪವಾದರೂ ನಿದ್ದೆ ಮಾಡುತ್ತೀಯೋ ಅಥವಾ ನಿನ್ನ ಮಗಳು ಗುಬ್ಬಿ ಉಸಿರಾಡುವುದನ್ನೇ ನೋಡುತ್ತ ಕೂತಿರುತ್ತೀಯೋ? ಅವಳನ್ನು ಆಮ್ಲಜನಕದ ಗೂಡಿನಿಂದ ಹೊರಗೆ ತೆಗೆದರು, ಈಗ ನಮ್ಮೆಲ್ಲರ ಹಾಗೆ ಬರಿಯ ಗಾಳಿಯಲ್ಲೇ ಉಸಿರಾಡುತ್ತಿದ್ದಾಳೆ ಅಂತ ಭಾವ ಫೋನ್ ಮಾಡಿದಾಗ ಅಮ್ಮ ಒಲೆಯ ಮೇಲಿದ್ದ ಹಾಲನ್ನು ಮರೆತೇಬಿಟ್ಟಳು. ಉಕ್ಕಿ ಹರಿದ ಹಾಲನ್ನು ಒರೆಸುತ್ತ, ನಗುತ್ತ, ಅಳುತ್ತ, ನನ್ನನ್ನೇ ಬೈದಳು. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ ಅಂತ ನಿನಗೆ ಗೊತ್ತು. ಅವತ್ತು ಭಾವನಿಗೂ ಬರೀ ‘ಹ್ಞೂಂ, ಹ್ಞೂಂ’ ಅಂದೆ. ಅದಕ್ಕೇ ಈ ಕಾಗದ.

ನಿನ್ನ ಕಾಗದವನ್ನು ಈ ಗೂಡುಗಳನ್ನು ಮಾಡುವ ನಮ್ಮ ವರ್ಕ್‌ಶಾಪಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಹೊತ್ತಿಗೆ ಮುಂಚೆ ಹುಟ್ಟಿದ ಮಗು ಗೂಡಿನೊಳಗೆ ತಲೆಯಿಟ್ಟು ಮಲಗಿರುವಾಗ, ತಾಯಿಯಾದವಳು ಮಗುವಿನ ಮುಖ ಬಿಟ್ಟು ಗೂಡಿನ ಮೂಲೆ ನೋಡುತ್ತಿದ್ದಳು, ಅಂಟಿನಲ್ಲಿ ಗುಳ್ಳೆ ಇದೆಯೇ ಅಂತ ಬೆರಳಾಡಿಸಲು ಹೋಗಿ ನರ್ಸಮ್ಮನ ಕೈಯಲ್ಲಿ ಬೈಸಿಕೊಂಡಳು ಅನ್ನುವ ಭಾಗಕ್ಕೆ, ಗೂಡಿನ ಅಂಚಿಗೆ ಬೆಂಕಿ ಹಿಡಿಯುವ ನಮ್ಮ ಬೆಂಕಿಯಣ್ಣ ಮೇಜು ಗುದ್ದಿ ನಕ್ಕರು. “ಅವ್ಳು ಸತ್ತು ಸ್ವರ್ಗಕ್ಕೆ ಹೋದ್ರೂ ಬಾಗಿಲ ಸಂದಿ ನೋಡಿನೇ ಒಳಗೆ ಹೋಗೋದು” ಅಂದರು. ನಾನು ಮಾತ್ರ ಅದೇ ಪುಟದ ಕೆಳಗಿನ ಒಂದು ಸಾಲಿನಲ್ಲಿ ನಿಂತುಬಿಟ್ಟೆ. ಆ ನರ್ಸಮ್ಮ ದಿನಾ ಬೆಳಿಗ್ಗೆ ಹತ್ತಿಯನ್ನು ಸ್ಪಿರಿಟಿನಲ್ಲಿ ಅದ್ದಿ ಗೂಡಿನ ಅಂಚನ್ನೆಲ್ಲ ಒರೆಸುತ್ತಾರೆ, ಹಾಗೆ ಮಾಡಬೇಡಿ ಅಂದರೂ ಕೇಳುವುದಿಲ್ಲ ಅಂತ ಬರೆದಿದ್ದೆಯಲ್ಲ, ಅದು.

ನೀನು ಇಷ್ಟು ವರ್ಷ ಏನು ಕೆಲಸ ಮಾಡುತ್ತಿದ್ದೆ ಅಂತ ನನಗೆ ನಿಜವಾಗಿ ಗೊತ್ತೇ ಇರಲಿಲ್ಲ ಅಕ್ಕಾ. ಊಟಕ್ಕೆ ಕೂತಾಗ “ಇವತ್ತಿನ ಗೂಡುಗಳನ್ನ ಮಲಗಿಸಿ ಬಂದೆ” ಅನ್ನುತ್ತಿದ್ದೆ. ಪುಸ್ತಕದಿಂದ ತಲೆ ಎತ್ತದೆ, ಅಕ್ಕ ಚೆನ್ನಾಗಿ ಮಾತಾಡುತ್ತಾಳೆ ಅಂದುಕೊಳ್ಳುತ್ತಿದ್ದೆ ಅಷ್ಟೆ. ಹೆರಿಗೆ ರಜೆ ಮುಗಿಸಿ ನೀನು ಬರುವವರೆಗೆ ನಿನ್ನ ಕುರ್ಚಿ ಕಾಯಲು ಹೋದ ಮೇಲೆ ತಿಳಿಯಿತು, ಅಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ. ಅಕ್ರಿಲಿಕ್ ಹಾಳೆಯನ್ನು ಕೊಯ್ದು, ಕಾದ ತಂತಿಯ ಮೇಲಿಟ್ಟು ಬಾಗಿಸಿ, ಅಂಟಿಸಿ, ಮಗುವಿನ ಕುತ್ತಿಗೆ ಬರುವ ಕಡೆ ಅರ್ಧಚಂದ್ರದ ಹಾಗೆ ಕತ್ತರಿಸಿ, ಆ ಅಂಚು ತರಚದಂತೆ ಬೆಂಕಿಯ ನಾಲಿಗೆಯಿಂದ ಸವರಿ ನುಣುಪು ಮಾಡಿದ ಮೇಲೆ, ಗೂಡುಗಳನ್ನು ಓವನ್ನಿನೊಳಗೆ ಸಾಲಾಗಿ ಇಟ್ಟು ಮೆಲ್ಲಗೆ ಬಿಸಿ ಮಾಡಿ, ಅದಕ್ಕಿಂತ ಮೆಲ್ಲಗೆ ಆರಲು ಬಿಡಬೇಕು. ಅದೇ ಮಲಗಿಸುವುದು. ಓವನ್ನಿನ ಬಾಗಿಲನ್ನು ಧಡ್ ಅಂತ ಹಾಕಿದವರಿಗೆ ಬೆಂಕಿಯಣ್ಣ “ಮಕ್ಕಳು ಮಲಗಿವೆ ಕಣ್ರೋ” ಅಂತ ಗದರುತ್ತಾರೆ.

ಮೊದಲ ದಿನ ಅವರು ನನ್ನ ಜಡೆಯನ್ನು ಟೊಪ್ಪಿಯೊಳಗೆ ತುರುಕಿಸಿ, ಬಳೆ ತೆಗೆಸಿ, ಕಣ್ಣಿಗೆ ದಪ್ಪ ಕನ್ನಡಕ ಹಾಕಿಸಿ, “ಮೇಷ್ಟ್ರಮ್ಮಾ, ಈ ಗರಗಸ ಕವನ ಗಿವನ ಕೇಳಲ್ಲ. ಹಾಳೆ ತಳ್ಳೋಕೆ ಕೋಲು ಇದೆ, ನಿಮ್ಮ ಬೆರಳಲ್ಲ” ಅಂದರು. ಅಂಟಿನ ಮೇಜಿನ ಮೇಲೆ ನೀನು ಬರೆದು ಅಂಟಿಸಿದ ಚೀಟಿ ಹಾಗೇ ಇದೆ: ಮೊದಲು ಫ್ಯಾನು, ಆಮೇಲೆ ಬಿರಡೆ. ಗಾಳಿ ಎಳೆಯುವ ಫ್ಯಾನು ಹಾಕದೆ ನಾನು ಒಮ್ಮೆಯೂ ಅಂಟಿನ ಬಾಟಲಿ ತೆರೆದಿಲ್ಲ, ಆಣೆಗೂ. ಆದರೆ ಆ ಅಂಟನ್ನು ಮೊದಲ ಸಲ ನೋಡಿದಾಗ ಆದದ್ದನ್ನು ಹೇಳಬೇಕು. ಎರಡು ಹಾಳೆ ಸೇರುವ ಸಂದಿಗೆ ಸಿರಿಂಜಿನ ತುದಿ ತಾಗಿಸಿದೆ. ನಾನು ಒತ್ತಲೇ ಇಲ್ಲ. ಆ ನೀರಿನಂಥದ್ದು ತಾನಾಗಿ ಸಂದಿಯುದ್ದಕ್ಕೂ ಓಡಿತು, ಓಡಿದಲ್ಲೆಲ್ಲ ಬೆಳ್ಳಗಿದ್ದ ಗೆರೆ ಅಳಿಸಿಹೋಯಿತು, ಎರಡಿದ್ದದ್ದು ಒಂದೇ ಆಯಿತು. ನಾನು ಬಾಯಿ ತೆರೆದುಕೊಂಡು ನಿಂತಿದ್ದೆನಂತೆ. ಇದನ್ನು ದಿನಾ ನೋಡಿಯೂ ನೀನು ಮನೆಗೆ ಬಂದು ಸಾರಿಗೆ ಉಪ್ಪು ಸಾಲದು ಅಂತ ಜಗಳ ಹೇಗೆ ಆಡುತ್ತಿದ್ದೆಯೋ!

ಈಗ ಕನ್ನಡಕಕ್ಕೆ ಬರುತ್ತೇನೆ. ಸೋಮವಾರ ಓವನ್ನಿನ ಕಾಯಿಲ್ ಸುಟ್ಟುಹೋಯಿತು. ಹೊಸದು ಬರುವುದು ಶುಕ್ರವಾರ. ಆಸ್ಪತ್ರೆಯ ವ್ಯಾನು ಬರಬೇಕಿದ್ದದ್ದು ಇವತ್ತು ಮಧ್ಯಾಹ್ನ. ವರ್ಕ್‌ಶಾಪಿನ ಯಜಮಾನರು ಗೂಡುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, “ಗಾಜಿನ ಹಾಗಿದೆ, ಈ ಒಂದು ಸಲ ಮಲಗಿಸದೇ ಕಳಿಸೋಣ” ಅಂದರು. ಬೆಂಕಿಯಣ್ಣ ಗೊಣಗಿದರು, ಆಮೇಲೆ ಹಾಳೆ ತೆಳು, ಏನಾಗಲ್ಲ ಬಿಡಿ ಅಂತ ಅವರೂ ಒಪ್ಪಿಕೊಂಡರು. ನಾನು ಅಂಟಿನ ಮೇಜಿಗೆ ಮರಳಿದೆ. ನನಗೇನು ಗೊತ್ತು?

ಇವತ್ತು ಬೆಳಿಗ್ಗೆ ಬಿಸಿಲು ಚುರುಕಾಗಿತ್ತು, ನಿನ್ನ ಪೋಲರಾಯ್ಡ್ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಹೋದೆ. ವ್ಯಾನಿನವರಿಗೆ ಕೊಡುವ ಚೀಟಿ ಟೈಪ್ ಮಾಡಬೇಕಿತ್ತು, ಕನ್ನಡಕ ತೆಗೆಯುವುದನ್ನು ಮರೆತು ಕಂಪ್ಯೂಟರಿನ ಮುಂದೆ ಕೂತೆ. ಪರದೆ ಇನ್ನೂ ಖಾಲಿ, ಬೆಳ್ಳಗೆ. ಅದಕ್ಕೂ ನನಗೂ ನಡುವೆ ಹೊಸ ಗೂಡೊಂದು ಇತ್ತು. ಪೆನ್ನು ಬಿತ್ತು ಅಂತ ತಲೆ ವಾಲಿಸಿದೆ. ಪರದೆ ಕಪ್ಪಾಯಿತು, ಗೂಡು ಮಾತ್ರ ಉರಿಯಿತು. ಬಾಗಿಸಿದ ಕಡೆಯೆಲ್ಲ ಬಿಳಿಯ ಪಟ್ಟೆಗಳು, ಕುತ್ತಿಗೆಯ ಅಂಚಿನಲ್ಲಿ ಹಳದಿ, ಅದರ ಹಿಂದೆ ನೇರಳೆ, ಒಂದರ ಹಿಂದೊಂದು ಒತ್ತಿಕೊಂಡು ನಿಂತಿವೆ. ಕನ್ನಡಕ ತೆಗೆದೆ. ಏನೂ ಇಲ್ಲ, ಬರೀ ಗಾಜಿನಂಥ ಗೂಡು. ಹಾಕಿದೆ, ಬಣ್ಣ. ತೆಗೆದೆ, ಏನೂ ಇಲ್ಲ. ಕಪಾಟಿನಿಂದ ನೀನು ಮಲಗಿಸಿದ್ದ ಹಳೆಯ ಮಾದರಿ ಗೂಡನ್ನು ತಂದು ಅದೇ ಜಾಗದಲ್ಲಿಟ್ಟೆ. ಅದರಲ್ಲಿ ಬಣ್ಣ ಇಲ್ಲ ಅನ್ನುವಷ್ಟು ಕಡಿಮೆ. ಅದು ನಿಜವಾಗಿಯೂ ಮಲಗಿ ಎದ್ದಂತಿತ್ತು ಅಕ್ಕಾ. ನಾವು ಕೊಯ್ದದ್ದು, ಬಗ್ಗಿಸಿದ್ದು, ಸುಟ್ಟದ್ದು ಎಲ್ಲವನ್ನೂ ಆ ಹೊಸ ಗೂಡು ಮೈಯೊಳಗೆ ಹಿಡಿದಿಟ್ಟುಕೊಂಡು, ಹೊರಗೆ ಏನೂ ಆಗಿಲ್ಲವೆಂಬಂತೆ ಕೂತಿತ್ತು.

ಬೆಂಕಿಯಣ್ಣನನ್ನು ಕರೆದೆ. “ಓದ್ದೋರಿಗೆ ಎಲ್ಲದ್ರಲ್ಲೂ ಬಣ್ಣ ಕಾಣತ್ತೆ” ಅಂತ ನಗುತ್ತ ಬಂದವರು ಕನ್ನಡಕ ಹಾಕಿ ತಲೆ ವಾಲಿಸಿದರು. ವಾಲಿಸಿದ ತಲೆ ಹಾಗೇ ಉಳಿಯಿತು. “ಇಪ್ಪತ್ತು ವರ್ಷದಿಂದ ಈ ಅಂಚು ಸವರ್ತಿದೀನಲ್ಲಮ್ಮಾ” ಅಂದರು, ಬಹಳ ಮೆತ್ತಗೆ. ಯಜಮಾನರು ಮಾತ್ರ, “ಬಣ್ಣ ಕಂಡ್ರೆ ಏನೀಗ? ಬಿರಿದಿದೆಯಾ? ಗಾಳಿ ಸೋರತ್ತಾ? ಕೂಲಿಂಗ್ ಗ್ಲಾಸ್ ಹಾಕ್ಕೊಂಡು ಯಾವ ಡಾಕ್ಟ್ರು ಬರ್ತಾರೆ?” ಅಂದರು. ಅದೂ ಸರಿಯೇ ಅನ್ನಿಸಿತು. ಆಗ ನೆನಪಾದದ್ದು ನಿನ್ನ ನರ್ಸಮ್ಮ. ವ್ಯಾನು ಹೋದ ಮೇಲೆ ಯಾರೋ ಒಬ್ಬರು ಇದನ್ನು ಒರೆಸುತ್ತಾರೆ, ಒಳಗೆ ಯಾರದೋ ಗುಬ್ಬಿ ಇರುತ್ತಾಳೆ. “ಸ್ವಲ್ಪ ಸ್ಪಿರಿಟ್ ಹಾಕಿ ನೋಡ್ಲಾ?” ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಮತ್ತೆ ಹೇಳಬೇಕಾಯಿತು.

ಬೆಂಕಿಯಣ್ಣ ಮೊದಲು ಹೋಗಿ ತಮ್ಮ ಸಿಲಿಂಡರಿನ ಕೀಲಿ ತಿರುಗಿಸಿ ಗ್ಯಾಸ್ ನಿಲ್ಲಿಸಿ ಬಂದರು, ನಾನು ಫ್ಯಾನು ಹಾಕಿದೆ, ಕೈಗವಸು ಹಾಕಿಕೊಂಡೆ. ಹತ್ತಿಯಿಂದ ಹಳೆಯ ಗೂಡಿನ ಕುತ್ತಿಗೆ ಒರೆಸಿದೆ, ಏನೂ ಆಗಲಿಲ್ಲ. ಹೊಸದನ್ನು ಒರೆಸಿದೆ. ಅದಕ್ಕೂ ಏನೂ ಆಗಲಿಲ್ಲ. ಯಜಮಾನರು ಗಡಿಯಾರ ನೋಡಿ, “ಆಯ್ತಲ್ಲ ಸಮಾಧಾನ?” ಅಂತ ಎದ್ದರು. ಅವರು ಬಾಗಿಲು ದಾಟುವ ಮೊದಲೇ ಅಂಚಿನಲ್ಲಿ ಕೂದಲೆಳೆಯಂಥ ಒಂದು ಗೆರೆ ಮೂಡಿತು. ಪಕ್ಕದಲ್ಲಿ ಇನ್ನೊಂದು. ಆಮೇಲೆ ಎಣಿಸಲಾಗದಷ್ಟು, ಬೆಳ್ಳಿಯ ಮುಳ್ಳುಗಳ ಹಾಗೆ, ಸದ್ದೇ ಇಲ್ಲದೆ ಒಳಗೊಳಗೆ ಬೆಳೆಯುತ್ತ ಹೋದವು. ಬಣ್ಣ ಎಲ್ಲಿತ್ತೋ ಸರಿಯಾಗಿ ಅಲ್ಲಿಯೇ. ಬೆಂಕಿಯಣ್ಣ ಬೆರಳಿಂದ ಅದುಮಿದರು. ಅಂಚಿನ ಚೂರೊಂದು ಕಿತ್ತು ಅವರ ಕೈಗೆ ಬಂತು, ಸೂಜಿಯಷ್ಟು ಚೂಪು. ಯಜಮಾನರು ಕುರ್ಚಿ ಎಳೆದುಕೊಂಡು ಕೂತು, ಫೋನ್ ತೆಗೆದು, ಆಸ್ಪತ್ರೆಯವರಿಗೆ ವ್ಯಾನು ಕಳಿಸಬೇಡಿ ಅಂದರು. ಆ ಕಡೆಯಿಂದ ಚೆನ್ನಾಗಿ ಬೈಗುಳ ಬಿದ್ದಿರಬೇಕು, ಕಿವಿ ಕೆಂಪಾಯಿತು. ಇಟ್ಟ ಮೇಲೆ ನನ್ನ ಕಡೆ ತಿರುಗಿ, “ನಿನ್ನಕ್ಕ ಆಗಿದ್ರೆ ಕೂಗಾಡಿ ನಿಲ್ಲಿಸೋಳು. ನೀನು ಬಾಯೇ ಬಿಡದೇ ನಿಲ್ಲಿಸಿದೆ. ಯಾರು ವಾಸಿ ಅಂತ ಗೊತ್ತಾಗ್ತಿಲ್ಲ” ಅಂದರು. ಶುಕ್ರವಾರ ಕಾಯಿಲ್ ಬಂದ ಮೇಲೆ ಎಲ್ಲವನ್ನೂ ಮಲಗಿಸುತ್ತೇವೆ. ಸ್ಪಿರಿಟ್ ತಾಗಿಸಬೇಡಿ ಅನ್ನುವ ಚೀಟಿಯನ್ನು ಪ್ರತಿ ಗೂಡಿಗೂ ದಪ್ಪ ಅಕ್ಷರದಲ್ಲಿ ಅಂಟಿಸಬೇಕು ಅಂತಲೂ ಆಗಿದೆ. ಒಕ್ಕಣೆ ನನ್ನದೇ. ಸಾಹಿತ್ಯ ಓದಿದ್ದಕ್ಕೆ ಕೊನೆಗೂ ಒಂದು ಪ್ರಕಟಣೆ!

ಗುಬ್ಬಿಯ ಹಣೆಗೆ ನನ್ನದೊಂದು ಮುತ್ತು ಕೊಡು. ಭಾವನಿಗೆ ನಮಸ್ಕಾರ ಹೇಳು. ಅಮ್ಮ ನಿನಗೆ ಹೊದ್ದುಕೊಂಡು ಮಲಗು ಅನ್ನುತ್ತಿದ್ದಾಳೆ, ಇಲ್ಲಿಂದಲೇ ಕಿಟಕಿ ಹಾಕುವ ಹಾಗಿದ್ದಾಳೆ.

ನಿನ್ನ ಕುರ್ಚಿಯ ಕಾವಲುಗಾರ್ತಿ,
ನಿನ್ನ ತಂಗಿ

ತಾ.ಕ., ಗುರುವಾರ ಸಂಜೆ: ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಟೀಚರ್ ಕೆಲಸಕ್ಕೆ ಅರ್ಜಿ ಹಾಕಿದ್ದ ಶಾಲೆಯಿಂದ ಉತ್ತರ ಬಂದಿದೆ, ಒಂದನೆಯ ತಾರೀಖಿನಿಂದ ಪಾಠಕ್ಕೆ ಬಾ ಅಂತ. ಅಮ್ಮ ಪಕ್ಕದ ಮನೆಯವರಿಗೆಲ್ಲ ಹೇಳಿಯೂ ಆಗಿದೆ. ಬರುವುದಿಲ್ಲ ಅಂತ ಬರೆದ ಕಾಗದವನ್ನು ಇದರ ಜೊತೆಗೇ ಡಬ್ಬಿಗೆ ಹಾಕುತ್ತಿದ್ದೇನೆ. ನಿನ್ನ ಕುರ್ಚಿ ನಿನಗೇ. ಅದರ ಪಕ್ಕಕ್ಕೆ ಇನ್ನೊಂದು ಹಾಕಿಸಿ ಅಂತ ಯಜಮಾನರನ್ನು ಕೇಳಿದೆ, ಹಾಕಿಸಿದ್ದಾರೆ. ಅಮ್ಮನಿಗೆ ನೀನು ಹೇಳಬೇಡ. ಈ ಸಲ ನಾನೇ ಬಾಯಿಬಿಟ್ಟು ಹೇಳುತ್ತೇನೆ. ಕೂಲಿಂಗ್ ಗ್ಲಾಸ್ ಮಾತ್ರ ವಾಪಸ್ ಕೇಳಬೇಡ.