ನೀವೇ ಒತ್ತಿದ ಮುದ್ರೆ, ನೀವೇ ನಂಬದ ಅಂಕ

ವಿಶ್ವವಿದ್ಯಾಲಯದ ಸ್ನಾತಕೋತ್ತರ ಪ್ರವೇಶ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನಿಮ್ಮಲ್ಲಿ ಗಣಿತದ ಎಂ.ಎಸ್ಸಿ.ಗೆ ನನ್ನ ಮಗನಿಗೆ ಸೀಟು ಸಿಕ್ಕಿದೆ. ಅದನ್ನು ಪ್ರತಿಭಟಿಸಿ ಈ ಪತ್ರ ಬರೆಯುತ್ತಿದ್ದೇನೆ. ಸೀಟು ಸಿಗದವರ ಗೋಳು ನಿಮ್ಮ ಕಚೇರಿಯಲ್ಲಿ ಗೋಣಿಚೀಲಗಟ್ಟಲೆ ಬಿದ್ದಿರಬೇಕು. ಸಿಕ್ಕವನ ಅಪ್ಪನ ತಕರಾರು ಬಹುಶಃ ಇದೇ ಮೊದಲು. ಆ ಕುತೂಹಲಕ್ಕಾದರೂ ಕೊನೆಯವರೆಗೆ ಓದುತ್ತೀರೆಂಬ ಆಸೆ.

ಈ ವರ್ಷದಿಂದ ನೀವು ಪದವಿಯ ಅಂಕಗಳನ್ನು ಪೂರ್ತಿ ಕೈಬಿಟ್ಟಿರಿ. ಹುಡುಗರು ಮೂರು ವರ್ಷ ಏನು ಓದಿದರು ಎನ್ನುವುದು ಬೇಡ. ಒಂದೂವರೆ ತಾಸಿನಲ್ಲಿ ನೂರು ಪ್ರಶ್ನೆಗೆ ಉತ್ತರ ಹಾಳೆಯ ಎಷ್ಟು ಗುಂಡು ಸರಿಯಾಗಿ ತುಂಬಿದರು ಎನ್ನುವುದಷ್ಟೇ ಸಾಕು. ಪ್ರಶ್ನೆಗೆ ನಾಲ್ಕು ಉತ್ತರ ನೀವೇ ಕೊಡುತ್ತೀರಿ. ತಪ್ಪಾದರೆ ಅಂಕ ಕಳೆಯುವುದಿಲ್ಲ. ಇಷ್ಟು ಉದಾರಿಗಳಾದ ನೀವು ಮೂರು ವರ್ಷದ ದುಡಿಮೆಯ ವಿಷಯದಲ್ಲಿ ಮಾತ್ರ ಯಾಕೆ ಇಷ್ಟು ಜಿಪುಣರಾದಿರಿ?

ನಮ್ಮ ಪಕ್ಕದ ಮನೆ ಪಂಢರಿನಾಥ ಮಾಸ್ತರರದು. ಅವರ ಮಗಳು ಮುಕ್ತಾ, ನನ್ನ ಮಗ ಅನಿಲ, ಇಬ್ಬರೂ ಇಂಡಿಯಲ್ಲಿ ಒಂದೇ ಕಾಲೇಜು, ಒಂದೇ ವರ್ಗ. ಆಕೆ ಪ್ರತಿ ಸೆಮಿಸ್ಟರಿನಲ್ಲೂ ಕಾಲೇಜಿಗೆ ಮೊದಲು. ಇವನು ಆಕೆಯ ನೋಟ್ಸನ್ನು ಝೆರಾಕ್ಸ್ ಮಾಡಿಸಿ ಪಾಸಾದವ. ಇವನ ಮೇಲೆ ಭರವಸೆ ಸಾಲದೆ ಎರಡು ತಿಂಗಳು ಧಾರವಾಡದ ಕೋಚಿಂಗಿಗೆ ಕಳಿಸಿದೆ. ಮಾಸ್ತರರು ಮಗಳನ್ನು ಕಳಿಸಲಿಲ್ಲ. “ಯುನಿವರ್ಸಿಟಿಯವರೇ ಕೊಟ್ಟ ಅಂಕ ಅವ, ಶಂಕ್ರೆಪ್ಪ. ಮತ್ತ್ಯಾಕ ಬೇಕು?” ಅಂದರು. ನಿಮ್ಮನ್ನು ನಂಬಿದ್ದು ಅವರ ತಪ್ಪು.

ಫಲಿತಾಂಶದ ದಿನ ಮಗನನ್ನು ಕೇಳಿದೆ.

“ಖರೇ ಹೇಳು, ಎಷ್ಟು ಗೊತ್ತಿದ್ದವು?”

“ಅರ್ಧ ಗೊತ್ತಿದ್ದವು ಅಪ್ಪಾ.”

“ಉಳಿದ ಅರ್ಧ?”

“ಎಲ್ಲಾದಕ್ಕೂ ‘ಸಿ’ ತುಂಬಿ ಬಂದೇನಿ. ಯಾವುದರೆ ಒಂದ ಅಕ್ಷರ ಹಿಡದು ಹೊಂಟಬಿಡು ಅಂತ ಕೋಚಿಂಗ್ ಸರ್ ಹೇಳಿದ್ರು.”

ಮುಕ್ತಾ ಮಾತ್ರ ಪ್ರತಿಯೊಂದು ಲೆಕ್ಕವನ್ನೂ ಕಚ್ಚಾ ಹಾಳೆಯಲ್ಲಿ ಮೊದಲ ಸಾಲಿನಿಂದ ಬಿಡಿಸಿದ್ದಾಳೆ. ಯಾಕೆಂದರೆ ನಿಮ್ಮ ಪದವಿ ಪರೀಕ್ಷೆಯಲ್ಲಿ ಹಂತಹಂತಕ್ಕೂ ಅಂಕವಿತ್ತು, ಹಂತ ಬಿಟ್ಟರೆ ಅಂಕ ಹೋಗುತ್ತಿತ್ತು. ಆ ಅಭ್ಯಾಸ ಮಾಡಿಸಿದವರು ನೀವೇ. ಅಷ್ಟರಲ್ಲಿ ಗಂಟೆ ಬಾರಿಸಿಬಿಟ್ಟಿದ್ದಾರೆ. ಉಳಿದವನ್ನು ಖಾಲಿ ಬಿಟ್ಟು ಎದ್ದು ಬಂದಿದ್ದಾಳೆ. “ಕಣ್ಣು ಮುಚ್ಚಿ ತುಂಬಬೇಕಿತ್ತಲ್ಲವಾ” ಅಂದರೆ, “ಗೊತ್ತಿಲ್ಲದ್ದಕ್ಕ ಗೊತ್ತದ ಅಂತ ಗುರುತು ಹಾಕೂದು ಹ್ಯಾಂಗ ಕಾಕಾ?” ಅಂದಳು. ಇದಕ್ಕೆ ಉತ್ತರ ನಿಮ್ಮ ಹತ್ತಿರ ಇದ್ದರೆ ಆಕೆಗೆ ಬರೆದು ತಿಳಿಸಿ.

ಆಕೆಗೆ ಬಂದದ್ದು ಐವತ್ತೆಂಟು. ಐವತ್ತೆಂಟೂ ಆಕೆಯ ಸ್ವಂತ ಗಳಿಕೆ. ನನ್ನ ಮಗನಿಗೆ ಅರವತ್ತೆರಡು. ಐವತ್ತು ಓದಿನವು, ಹನ್ನೆರಡು ‘ಸಿ’ಯ ಕೃಪೆ. ನೀವು ಗೆರೆ ಎಳೆದದ್ದು ಅರವತ್ತಕ್ಕೆ. ಯಾರಿಗೆ ಹೆಚ್ಚು ಗಣಿತ ಬರುತ್ತದೆ ಎಂದು ಹೇಳಲು ಗಣಿತದ ಎಂ.ಎಸ್ಸಿ. ಬೇಕೇ?

ನಿಮ್ಮ ಕಚೇರಿಗೂ ಬಂದಿದ್ದೆ. ಕಿಟಕಿಯ ಆಚೆ ಕೂತಿದ್ದ ಗೃಹಸ್ಥರು ಸಮಾಧಾನದಿಂದಲೇ ಹೇಳಿದರು:

“ಡಿಗ್ರಿ ಅಂಕ ನಂಬಾಕ ಬರೂದಿಲ್ರಿ ಯಜಮಾನ್ರ.”

“ಯಾರು ಕೊಟ್ಟದ್ದರಿ ಆ ಅಂಕ?”

“ನಾವ.”

“ಮತ್ತ?”

“ಅದು ಪರೀಕ್ಷಾ ವಿಭಾಗ ಕೊಟ್ಟದ್ದು. ನಮ್ಮದು ಪ್ರವೇಶ ವಿಭಾಗ.”

“ಆ ವಿಭಾಗ ಎಲ್ಲೈತ್ರಿ?”

“ಇದರ ಮ್ಯಾಲಿನ ಮಹಡಿ.”

ಮಾನ್ಯರೇ, ಒಂದು ಮಹಡಿ ಇಳಿಯುವಷ್ಟರಲ್ಲಿ ಬೆಲೆ ಕಳೆದುಕೊಳ್ಳುವ ಸರಕು ನನ್ನ ನಿಂಬೆ ವ್ಯಾಪಾರದಲ್ಲೂ ಕಂಡಿಲ್ಲ.

ನಿಮ್ಮ ಕಡೆಯ ಮಾತೂ ನನಗೆ ಗೊತ್ತು. ಕಾಲೇಜಿನ ಆಂತರಿಕ ಅಂಕ ಎಂದರೆ ಮದುವೆ ಊಟದ ಬುಂದೆ, ಕೂತವರಿಗೆಲ್ಲ ಬಡಿಸುತ್ತಾರೆ. ನನ್ನ ಮಗನಿಗೂ ಇಪ್ಪತ್ತಕ್ಕೆ ಹತ್ತೊಂಬತ್ತು ಬಂದಿವೆ. ಅವನು ವರ್ಗದಲ್ಲಿ ಕೂತದ್ದಕ್ಕಿಂತ ಚಹಾದಂಗಡಿಯಲ್ಲಿ ಕೂತದ್ದೇ ಹೆಚ್ಚು. ಸಿಂದಗಿಯ ಕಾಲೇಜಿನ ಎಂಬತ್ತು, ಮುದ್ದೇಬಿಹಾಳದ ಎಂಬತ್ತು ಒಂದೇ ತೂಕದವಲ್ಲ ಎನ್ನುವುದೂ ನಿಜವಿರಬಹುದು. ಹಾಗಾದರೆ ಎಲ್ಲರಿಗೂ ಒಂದೇ ಪರೀಕ್ಷೆ ಇರಲಿ, ಬೇಡ ಅಂದವರಾರು?

ಏಳನೆಯ ಇಯತ್ತೆಗೇ ಸಾಲಿ ಬಿಟ್ಟು, ರೈತರ ನಿಂಬೆ ಮಾರಿಸಿಕೊಡುವ ಅಡತಿ ಅಂಗಡಿ ಕಟ್ಟಿದವನು ನಾನು. ಚೀಲದ ಬಾಯಿಗೆ ಹಳದಿ ಕಾಯಿ ಹೊಂದಿಸಿ, ತಳಕ್ಕೆ ಮೆತ್ತಗಾದದ್ದು ಹಾಕಿ ತರುವುದು ನಮ್ಮ ಕಡೆ ಹಳೆಯ ಜಾಣತನ. ಅದಕ್ಕೇ ನಾವು ಚೀಲ ಸುರುವಿ ನೋಡುತ್ತೇವೆ. ಹಾಗಂತ ಒಂದು ಕಾಯಿ ಹಿಂಡಿ ಇಡೀ ರಾಶಿಗೆ ದರ ಕೂಗುವುದಿಲ್ಲ. ಇದು ಯಾರ ತೋಟದ್ದು, ಹೋದ ವರ್ಷ, ಅದರ ಹಿಂದಿನ ವರ್ಷ ಹೇಗಿತ್ತು ಎಂಬುದೂ ದರದಲ್ಲಿ ಸೇರಿರುತ್ತದೆ. ಸುರುವಿ ನೋಡುವುದೂ ಬೇಕು, ತೋಟದ ಹೆಸರೂ ಬೇಕು. ಎರಡರಲ್ಲಿ ಒಂದನ್ನು ಬಿಟ್ಟವನು ಈ ಬಜಾರದಲ್ಲಿ ಬಹಳ ದಿನ ಬಾಳಿದ್ದಿಲ್ಲ. ನೀವು ಬಾಳುತ್ತೀರಿ, ಯಾಕೆಂದರೆ ನಷ್ಟ ನಿಮ್ಮದಲ್ಲ.

ಎಂಜಿನಿಯರಿಂಗಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಹಿಡಿಯುವ ರೂಢಿ ಈ ರಾಜ್ಯದಲ್ಲೇ ಇದೆ. ನೀವು ಹೊಸದೇನೂ ಕಂಡುಹಿಡಿಯಬೇಕಾಗಿಲ್ಲ. ಉಳಿದ ಸೀಟುಗಳ ಸುತ್ತು ಬರುವ ಸೋಮವಾರವಿದೆ. ಆ ಸುತ್ತಿಗಾದರೂ ಪದವಿ ಅಂಕ ಅರ್ಧ, ಪರೀಕ್ಷೆ ಅರ್ಧ ಹಿಡಿಯಿರಿ. ಹಾಗೆ ಹಿಡಿದರೆ ಮುಕ್ತಾಳಿಗೆ ಸೀಟುಂಟು, ಇಲ್ಲದಿದ್ದರೆ ಒಂದು ವರ್ಷ ಹಾಳು. ಇದು ಸಾಧ್ಯವಿಲ್ಲವೆಂದರೆ, ಮುಂದಿನ ವರ್ಷದಿಂದ ಪ್ರತಿ ಅಂಕಪಟ್ಟಿಯ ಕೆಳಗೆ, ನಿಮ್ಮ ಮುದ್ರೆಯ ಪಕ್ಕದಲ್ಲೇ, “ಇದನ್ನು ಕೊಟ್ಟವರು ಇದನ್ನು ನಂಬುವುದಿಲ್ಲ” ಎಂದು ಅಚ್ಚು ಹಾಕಿಸಿ. ಹುಡುಗರು ಮೂರು ವರ್ಷ ಉಳಿಸಿಕೊಂಡು ನೇರ ಕೋಚಿಂಗಿಗೆ ಹೋಗುತ್ತಾರೆ.

ಈಗ ನಮ್ಮ ಮನೆಯ ಸುದ್ದಿ ಕೇಳಿ. ಎಂ.ಎಸ್ಸಿ.ಯ ಮೊದಲ ಪಾಠಗಳ ಪುಸ್ತಕ ತಂದ ಅನಿಲ, ಒಂದು ಪುಟವೂ ತಿಳಿಯದೆ ಮುಕ್ತಾಳನ್ನು ಕರೆದ. ದಿನಾ ಸಂಜೆ ನಮ್ಮ ಕಟ್ಟೆಯ ಮೇಲೆ ಸೀಟು ಸಿಗದ ಹುಡುಗಿ ಸೀಟು ಸಿಕ್ಕ ಹುಡುಗನಿಗೆ ಪಾಠ ಹೇಳುತ್ತಾಳೆ. ನಿನ್ನೆ ಅವನು, “ಇನ್ನೊಮ್ಮೆ ಹೇಳ, ತಿಳೀಲಿಲ್ಲ” ಅಂದ.

ಆಕೆ ಪುಸ್ತಕದಿಂದ ತಲೆ ಎತ್ತಲಿಲ್ಲ. “ತಿಳೀದಿದ್ರ ‘ಸಿ’ ಅನ್ನು” ಅಂದಳು.

ನನ್ನ ಹೆಂಡತಿ ಚನ್ನವ್ವ ಒಳಗಿನಿಂದ ನಕ್ಕಳು. ಅನಿಲ ನಗಲಿಲ್ಲ. ನನಗೂ ನಗಲು ಆಗಲಿಲ್ಲ.

ಇಂತಿ,
ಮಗನ ಸೀಟಿಗೆ ಇನ್ನೂ ಪೇಢೆ ಹಂಚದೆ ಕೂತಿರುವ,
ಶಂಕ್ರೆಪ್ಪ
ನಿಂಬೆ ಅಡತಿ, ಇಂಡಿ